ತವರೂರಿನ ಹೆಸರು

ಬಸ್ ನಿಲ್ದಾಣದ ಮೂರನೇ ಕೌಂಟರಿನಲ್ಲಿ ಕೂರುವ ಗುಮಾಸ್ತನಿಗೆ ಜೊತೆಯವರು ಕಿವಿರಾಯ ಎಂದು ಹೆಸರಿಟ್ಟಿದ್ದರು. ಅದಕ್ಕೆ ಕಾರಣ ಕಿವಿಯ ಗಾತ್ರವಲ್ಲ. ಕಿವಿ ಎಲ್ಲರಿಗಿರುವಷ್ಟೇ ಇತ್ತು. ಗಾಜಿನ ಆಚೆ ನಿಂತವರು ಊರಿನ ಹೆಸರು ಹೇಳಿ ಟಿಕೆಟ್ ಕೇಳಿದ ಕೂಡಲೇ ಅವರು ಯಾವ ಕಡೆಯವರೆಂದು ಅವನು ಹೇಳಿಬಿಡುತ್ತಿದ್ದ. ಎಲ್ಲಿಗೆ ಹೋಗುತ್ತಾರೆ ಎನ್ನುವುದು ಯಾರಿಗಾದರೂ ತಿಳಿಯುತ್ತದೆ, ಅವರೇ ಬಾಯಿಬಿಟ್ಟು ಹೇಳುತ್ತಾರಲ್ಲ. ಎಲ್ಲಿಂದ ಬಂದವರು ಎನ್ನುವುದು ಕಿವಿರಾಯನಿಗೆ ಮಾತ್ರ ತಿಳಿಯುತ್ತಿತ್ತು.

ಹೊಳೆಯಾಚೆಯ ಊರನ್ನೇ ತೆಗೆದುಕೊಳ್ಳಿ. ಅತಿ ಹೆಚ್ಚು ಬಸ್ಸು ಹೋಗುವುದು ಅಲ್ಲಿಗೆ. ಹೊಳೆಯ ಈ ದಡದವರು ಅದರ ನಡುವಿನ ಅಕ್ಷರವನ್ನು ಅರ್ಧಕ್ಕರ್ಧ ನುಂಗಿ, ಬಾಗಿಲು ಹಾಕಿದ ಹಾಗೆ ಟಪ್ಪೆಂದು ಮುಗಿಸುತ್ತಾರೆ. ಬೆಟ್ಟದ ಕಡೆಯವರು ಮೊದಲನೇ ಅಕ್ಷರದ ಮೇಲೆ ಕೂತರೆ ಏಳುವುದೇ ಇಲ್ಲ. ಸಮುದ್ರದ ಕಡೆಯಿಂದ ಬಂದವರು ಕೊನೆಗೆ ಒಂದಿಷ್ಟು ಉಸಿರು ಸೇರಿಸಿ ಬಿಡುತ್ತಾರೆ. ಇನ್ನು ಆ ಊರಿನವರೇ, ಅದರಲ್ಲೂ ಅದರ ಪೂರ್ವದ ಬೀದಿಗಳವರು, ನಡುವಿನ ಅಕ್ಷರವನ್ನು ಮೂಗಿನಲ್ಲಿ ತುಸು ಹಿಡಿದು, ಎಳೆದು, ಕೊನೆಯದನ್ನು ಮೇಲಕ್ಕೆತ್ತಿ ಬಿಡುತ್ತಾರೆ. ದೂರದಲ್ಲಿರುವ ತಮ್ಮವರನ್ನು ಯಾರೋ ಕೂಗಿ ಕರೆದಂತೆ ಅದು ಕೇಳುತ್ತದೆ.

"ನಿಮ್ಮ ತಾಯಿ ಬೆಟ್ಟದ ಕಡೆಯವರು, ನೀವು ಬೆಳೆದದ್ದು ಮಾತ್ರ ಈ ಕಡೆ. ಹೌದೋ ಅಲ್ವೋ?" ಎಂದು ಕಿವಿರಾಯ ಮೈಕಿನಲ್ಲಿ ಕೇಳಿದರೆ ಗಾಜಿನಾಚೆಯವರು ಕಣ್ಣುಕಣ್ಣು ಬಿಡುತ್ತಿದ್ದರು. ಪಕ್ಕದ ಪಾರ್ಸೆಲ್ ಕೌಂಟರಿನ ಅಕ್ಕ ಅವನ ಊಹೆಯ ಮೇಲೆ ಬಾಜಿ ಕಟ್ಟುತ್ತಿದ್ದಳು. ಸೋತವರು ಚಹಾ ತರಬೇಕು. ಅಕ್ಕನಿಗೆ ಐವತ್ತೈದು ವರ್ಷ, ಮೊಣಕಾಲು ನೋವು ಬೇರೆ. ಆದರೂ ಹತ್ತರಲ್ಲಿ ಒಂಬತ್ತು ಸಲ ಎದ್ದು ಹೋಗಬೇಕಾದವಳು ಅವಳೇ. "ನಿನ್ನ ಕಿವಿಗೆ ಬೆಂಕಿ ಬೀಳ" ಎಂದು ಬೈಯುತ್ತಲೇ ಚಹಾ ತಂದಿಡುತ್ತಿದ್ದಳು. ಕಿವಿರಾಯ ಮೀಸೆಯಡಿ ನಗುತ್ತಾ ಕುಡಿಯುತ್ತಿದ್ದ. ಮನುಷ್ಯನಿಗೆ ಒಂದಾದರೂ ಹೆಮ್ಮೆ ಬೇಕಲ್ಲ, ಅವನಿಗಿದ್ದದ್ದು ಇದೊಂದೇ.

ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ, ಅವನ ಮನೆಯ ಮೆಟ್ಟಿಲ ಮೇಲೆಯೇ.

ಅವನ ಮನೆ ಮೊದಲ ಮಹಡಿಯಲ್ಲಿತ್ತು. ಕೆಳಗೆ ಬೀದಿಗೆ ಮುಖ ಮಾಡಿದ ಸಣ್ಣ ಮಳಿಗೆ. ಎರಡು ತಿಂಗಳ ಹಿಂದೆ ಅಲ್ಲಿ ಗಡಿಯಾರ ರಿಪೇರಿಯವನೊಬ್ಬ ಅಂಗಡಿ ತೆರೆದಿದ್ದ. ಕಿವಿರಾಯನ ತಾಯಿಯ ಕಾಲದ ಗೋಡೆ ಗಡಿಯಾರ ನಿಂತುಹೋಗಿ, ಹೆಂಡತಿ ಅದನ್ನು ಆ ಅಂಗಡಿಗೆ ಕೊಟ್ಟು ಬಂದಿದ್ದಳು. ಆ ಭಾನುವಾರ ಕಿವಿರಾಯ ಹಾಲಿನ ಪಾತ್ರೆ ಹಿಡಿದು ಇಳಿಯುತ್ತಿದ್ದಾಗ, ಅಂಗಡಿಯ ಒಳಗಿನಿಂದ ಹೆಂಗಸೊಬ್ಬಳು ಹೊಳೆಯಾಚೆಯ ಊರಿನ ಹೆಸರು ಹೇಳಿದ್ದು ಕೇಳಿಸಿತು. ನಡುವೆ ಮೂಗಿನಲ್ಲಿ ಹಿಡಿದು, ಎಳೆದು, ಕೊನೆಗೆ ಮೇಲಕ್ಕೆತ್ತಿ. ಅಭ್ಯಾಸಬಲದಿಂದ ಅವನ ಕಿವಿ ಲೆಕ್ಕ ಹಾಕಿತು: ಪೂರ್ವದ ಬೀದಿಯವಳು, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ, ಊರು ಬಿಟ್ಟು ಬಂದೇ ಇಲ್ಲ. ಕೌಂಟರಿನಲ್ಲಿದ್ದರೆ ಬಾಜಿ ಕಟ್ಟುತ್ತಿದ್ದ. ಎರಡು ಮೆಟ್ಟಿಲು ಇಳಿದು ಬಗ್ಗಿ ನೋಡಿದ. ಅಂಗಡಿಯ ಸ್ಟೂಲಿನ ಮೇಲೆ ಕೂತು ನಗುತ್ತಿದ್ದವಳು ಅವನ ಹೆಂಡತಿ.

ಅವಳ ತವರು ಹೊಳೆಯಾಚೆಯ ಆ ಊರೇ ಎನ್ನುವುದು ಅವನಿಗೆ ತಿಳಿಯದ್ದಲ್ಲ. ಆದರೆ ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳ ಬಾಯಲ್ಲಿ ಅದು ಹೀಗೆ ಬಂದದ್ದನ್ನು ಕೇಳಿದ ನೆನಪು ಅವನಿಗಿರಲಿಲ್ಲ. ಮನೆಯಲ್ಲಿ ಅವಳೂ ಎಲ್ಲರಂತೆ ಟಪ್ಪೆಂದು ಮುಗಿಸುತ್ತಿದ್ದಳು. ಅತ್ತೆಮನೆಗೆ ಹೋದಾಗಲೂ ಅವನು ಕೇಳಿರಲಿಲ್ಲ, ಯಾಕೆಂದರೆ ತಮ್ಮೂರಲ್ಲೇ ಕೂತವರು ತಮ್ಮೂರಿನ ಹೆಸರು ಹೇಳುವುದಿಲ್ಲ; ನಮ್ಮೂರು ಅನ್ನುತ್ತಾರೆ, ಮುಗಿಯಿತು. ಜಗತ್ತಿನ ಬಾಯಿಯನ್ನೆಲ್ಲ ಬಲ್ಲ ತನಗೆ ತನ್ನ ಹೆಂಡತಿಯ ಬಾಯಿ ಗೊತ್ತಿಲ್ಲ, ಎರಡು ತಿಂಗಳ ಹಿಂದೆ ಬಂದ ಗಡಿಯಾರದವನಿಗೆ ಗೊತ್ತು! ಕಿವಿರಾಯ ಹಾಲು ತರದೆ ಮೇಲೆ ಬಂದ. ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಹೆಸರು ಕೊಟ್ಟು ಮರ್ಯಾದೆ ಉಳಿಸುವ ಅಗತ್ಯವಿಲ್ಲ.

ಊಟಕ್ಕೆ ಕೂತಾಗ ಏನೂ ಗೊತ್ತಿಲ್ಲದವನಂತೆ ಕೇಳಿದ.

"ಆ ಗಡಿಯಾರದವನು ಯಾವೂರಿನವನು?"

ಅವಳು ಹೇಳಿದಳು. ಟಪ್ಪೆಂದು, ಈ ದಡದ ಹಾಗೆ.

"ಯಾವೂರು?"

ಮತ್ತೆ ಟಪ್ಪೆಂದಳು. "ನಮ್ಮನೆಯಿಂದ ಮೂರು ಬೀದಿ ಆಚೆ ಕಣ್ರೀ. ನಮ್ಮಣ್ಣನ ಜೊತೆ ಓದಿದೋರು. ಯಾಕೆ?"

"ಸುಮ್ನೆ ಕೇಳ್ದೆ."

ಗಡಿಯಾರದವನಲ್ಲಿ ಅಸೂಯೆಪಡುವಂಥದ್ದು ಏನಿತ್ತು? ಕಿವಿರಾಯ ಅದನ್ನೂ ಯೋಚಿಸಿ ನೋಡಿದ. ಬೋಳು ತಲೆ. ಬಲಗಣ್ಣಿಗೆ ಭೂತಗಾಜು ಸಿಕ್ಕಿಸಿ ಸಿಕ್ಕಿಸಿ ಆ ಕಣ್ಣ ಸುತ್ತ ಬಿದ್ದ ಗುಂಡನೆಯ ಗುರುತು. ಬಗ್ಗಿ ಕೂತು ಕೂತು ನೆಟ್ಟಗೆ ನಿಲ್ಲಲಾರದ ಬೆನ್ನು. ಅವನ ಎದುರು ಕಿವಿರಾಯ ಮದುಮಗನಂತೆ ಕಾಣುತ್ತಿದ್ದ. ಇದರಿಂದ ಸಮಾಧಾನವಾಗಬೇಕಿತ್ತು, ಇನ್ನಷ್ಟು ಉರಿಯಿತು. ರೂಪ ಕಂಡು ಮರುಳಾದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಬರೀ ಒಂದು ಹೆಸರನ್ನು ಎಳೆದು ಹೇಳುವುದಕ್ಕೆ ಯಾರಾದರೂ ಅಷ್ಟು ನಗುತ್ತಾರೆಯೇ?

ಗೋಡೆ ಗಡಿಯಾರ ರಿಪೇರಿಯಾಗಿ ಮೇಲೆ ಬಂತು. ಹತ್ತು ದಿನ ಕಳೆಯಿತು. ಹನ್ನೊಂದನೆಯ ದಿನ ಗೋಡೆ ಮತ್ತೆ ಖಾಲಿ.

"ಏನಾಯ್ತು ಅದಕ್ಕೆ?"

"ಐದು ನಿಮಿಷ ಮುಂದೆ ಓಡ್ತಿತ್ತು."

"ಓಡ್ಲಿ ಬಿಡೆ! ನಮ್ಮ ಅಮ್ಮ ಇದ್ದಾಗ ಹತ್ತು ನಿಮಿಷ ಓಡ್ತಿತ್ತು, ಆಗ ಯಾರೂ ಬಸ್ ತಪ್ಪಿಸ್ಕೊಳ್ಳಲಿಲ್ಲ."

ಹೆಂಡತಿ ಅವನ ಮುಖ ನೋಡಿದಳು. "ನಿಮಗೆ ಇತ್ತೀಚೆಗೆ ಏನಾಗಿದೆ?" ಎಂದಳು. ಅವನು ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡ.

ಅಂದಿನಿಂದ ಅವನು ಮಾಡಬಾರದ್ದನ್ನು ಮಾಡತೊಡಗಿದ. ಹೆಂಡತಿ ಕೆಳಗಿಳಿದಳೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳಹೆಜ್ಜೆ ಇಡುತ್ತಾ ಇಳಿದು, ಕೆಳಗಿನಿಂದ ನಾಲ್ಕನೆಯ ಮೆಟ್ಟಿಲಲ್ಲಿ ನಿಲ್ಲುತ್ತಿದ್ದ. ಅಲ್ಲಿ ನಿಂತರೆ ತಾನು ಯಾರಿಗೂ ಕಾಣುವುದಿಲ್ಲ, ಒಳಗಿನದು ಮಾತ್ರ ಕೇಳಿಸುತ್ತದೆ. ಕೇಳಿಸಿದ್ದಾದರೂ ಏನು? ಯಾರದೋ ಗೋಡೆ ಬಿದ್ದದ್ದು, ಯಾರಿಗೋ ಹಲ್ಲು ಕಟ್ಟಿಸಿದ್ದು, ಶಾಲೆಯ ಹಿಂದಿನ ಬಾವಿ ಮುಚ್ಚಿದ್ದು. ಮೂರು ಮಾತಿಗೊಮ್ಮೆ ಆ ಊರಿನ ಹೆಸರು. ಅದರ ಬೆನ್ನಿಗೇ ಪಕ್ಕದ ಹಳ್ಳಿಗಳ ಹೆಸರುಗಳು, ಎಲ್ಲವೂ ಎಳೆದೆಳೆದು, ಮೇಲಕ್ಕೆತ್ತಿ. ಕದ್ದು ಪ್ರೀತಿಸುವವರು ಆಡುವ ಒಂದು ಮಾತೂ ಅಲ್ಲಿರಲಿಲ್ಲ. ಇದ್ದಿದ್ದರೆ ನುಗ್ಗಿ ಜಗಳವಾಡಬಹುದಿತ್ತು. ಮುಚ್ಚಿದ ಬಾವಿಯ ಬಗ್ಗೆ ಮಾತಾಡುವವರ ಮೇಲೆ ಯಾವ ಗಂಡಸು ಜಗಳಕ್ಕೆ ಹೋಗುತ್ತಾನೆ? ಆದರೆ ಅವಳ ದನಿ! ಇಪ್ಪತ್ತು ವರ್ಷ ಚಿಕ್ಕವಳ ದನಿ ಅದು. ಆ ಹುಡುಗಿಯನ್ನು ತಾನು ಮದುವೆಯಾಗಿಯೇ ಇಲ್ಲ, ಅವಳು ಹೊಳೆಯಾಚೆ ಉಳಿದುಬಿಟ್ಟಿದ್ದಳು, ಈಗ ಗಡಿಯಾರದವನನ್ನು ನೋಡಲು ದಾಟಿ ಬಂದಿದ್ದಾಳೆ ಎಂದು ಕಿವಿರಾಯನಿಗೆ ಅನ್ನಿಸಿತು. ಬರಿಗಾಲಲ್ಲಿ ನಿಂತವನ ಕಣ್ಣಲ್ಲಿ ನೀರಾಡಿತು. ಸಿಟ್ಟಿನಿಂದ ಎಂದುಕೊಂಡ.

ಕೌಂಟರಿನಲ್ಲಿ ಅವನ ಊಹೆ ತಪ್ಪತೊಡಗಿತು. ಸಮುದ್ರದವನನ್ನು ಬೆಟ್ಟಕ್ಕೆ ಹತ್ತಿಸಿದ, ಬೆಟ್ಟದವಳನ್ನು ಹೊಳೆಗೆ ಇಳಿಸಿದ. ಒಂದೇ ವಾರದಲ್ಲಿ ನಾಲ್ಕು ಸಲ ಚಹಾ ತರಬೇಕಾಯಿತು. ಪಾರ್ಸೆಲ್ ಅಕ್ಕನ ಮೊಣಕಾಲಿಗೆ ವಿಶ್ರಾಂತಿ ಸಿಕ್ಕಿತು.

"ಏನಪ್ಪಾ, ಕಿವೀಲಿ ಹತ್ತಿ ಇಟ್ಕೊಂಡು ಬಂದಿದೀಯಾ?" ಎಂದಳು ಅಕ್ಕ.

ಅವನು ತಡೆಯಲಾರದೆ, ತನ್ನ ಸ್ನೇಹಿತನೊಬ್ಬನ ಕಥೆ ಎಂದು ಎಲ್ಲವನ್ನೂ ಹೇಳಿದ. ಹೆಂಡತಿ ಪರರ ಹತ್ತಿರ ಒಂದು ಬಾಯಿ, ಗಂಡನ ಹತ್ತಿರ ಇನ್ನೊಂದು ಬಾಯಿ ಇಟ್ಟುಕೊಂಡರೆ ಆ ಸ್ನೇಹಿತ ಏನೆಂದು ತಿಳಿಯಬೇಕು?

ಅಕ್ಕ ಪಾರ್ಸೆಲ್‌ಗೆ ಹಗ್ಗ ಬಿಗಿಯುತ್ತಾ ಕೇಳಿದಳು: "ನಿನ್ನ ಸ್ನೇಹಿತ ಅವಳನ್ನ ಕೇಳಿದ್ನಾ, ನನ್ನ ಹತ್ರ ಯಾಕೆ ಹಾಗೆ ಹೇಳಲ್ಲ ಅಂತ?"

"ಹೇಗೆ ಕೇಳ್ತಾನೆ? ಕದ್ದು ಕೇಳಿಸ್ಕೊಂಡಿದ್ದು ಗೊತ್ತಾಗಲ್ವಾ?"

"ಹಾಗಾದ್ರೆ ಉರ್ಕೊಂಡು ಸಾಯ್ಲಿ," ಎಂದು ಅಕ್ಕ ಹಗ್ಗವನ್ನು ಹಲ್ಲಿನಿಂದ ಕಡಿದಳು.

ಬುಧವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೆಂಡತಿ ಏನನ್ನೋ ಉದ್ದಕ್ಕೆ ಹೇಳಿದಳು. ಅದರಲ್ಲಿ ಎರಡು ಸಲ ಆ ಊರಿನ ಹೆಸರು ಬಂತು, ಎರಡೂ ಸಲ ಟಪ್ಪೆಂದೇ ಬಂತು. ಕಿವಿರಾಯ ತಟ್ಟೆ ನೋಡುತ್ತಾ ಅದನ್ನೇ ಲೆಕ್ಕವಿಡುತ್ತಿದ್ದ. ಹೇಗೆ ಹೇಳುತ್ತಾಳೆ ಎಂದು ಕಿವಿಗೊಟ್ಟು ಕೂತವನಿಗೆ ಏನು ಹೇಳುತ್ತಿದ್ದಾಳೆ ಎನ್ನುವುದು ತಲೆಗೆ ಹೋಗಲಿಲ್ಲ. "ಸರಿ ತಾನೆ?" ಎಂದು ಅವಳು ಕೇಳಿದಾಗ "ಹೂಂ" ಎಂದು ಎದ್ದು ಕೈ ತೊಳೆದುಕೊಂಡ.

ಮರುದಿನ, ಗುರುವಾರ, ಹತ್ತೂವರೆಯ ಬಸ್ಸಿಗೆ ಮೂರನೇ ಕೌಂಟರಿನಲ್ಲಿ ಸಾಲು ಉದ್ದವಾಗಿತ್ತು. ಆರನೆಯವನಾಗಿ ಗಡಿಯಾರದವನು ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿದ ಬೋಳು.

"ನಮಸ್ಕಾರ ಸರ್. ಎರಡು ಟಿಕೆಟ್ ಕೊಡಿ," ಎಂದು ಊರಿನ ಹೆಸರು ಹೇಳಿದ. ಮೂಗಿನಲ್ಲಿ ಹಿಡಿದು, ಎಳೆದು, ಮೇಲಕ್ಕೆತ್ತಿ.

ಎರಡು! ಕಿವಿರಾಯನ ಮೈಯೆಲ್ಲ ಕೆಂಡವಾಯಿತು. ಇನ್ನೊಂದು ಯಾರಿಗೆ ಎಂದು ಕೇಳಬಹುದಿತ್ತು. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನ ಬೆರಳು ಮೈಕಿನ ಗುಂಡಿಯ ಮೇಲೆ ಬಿತ್ತು. ಆ ಗುಂಡಿ ಒತ್ತಿದರೆ ಕೌಂಟರಿನವನ ಮಾತು ಗೋಡೆಯ ಮೇಲಿನ ಸ್ಪೀಕರ್ ಪೆಟ್ಟಿಗೆಯಿಂದ ಇಡೀ ನಿಲ್ದಾಣಕ್ಕೆ ಕೇಳಿಸುತ್ತದೆ.

"ಯಾವೂರು? ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ."

ಗಾಜಿನ ದೋಷವಿರಬೇಕೆಂದು ಗಡಿಯಾರದವನು ಪಾಪ ಬಗ್ಗಿ, ಅದರ ತೂತುಗಳಿಗೆ ಬಾಯಿ ತಂದು, ಗಟ್ಟಿಯಾಗಿ ಹೇಳಿದ.

"ಅಂಥ ಊರು ನಮ್ಮ ಪಟ್ಟೀಲಿ ಇಲ್ವಲ್ಲ!"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಿವಿರಾಯನಿಗೆ ಹುರುಪು ಬಂತು. ಅವನು ಮೈಕಿಗೆ ಇನ್ನಷ್ಟು ಹತ್ತಿರವಾಗಿ, ಆ ಹೆಸರನ್ನು ಆಡಿನ ಕೂಗಿನಂತೆ ಎಳೆದೆಳೆದು, ಮೂಗಿನೊಳಗೇ ತಿರುಗಿಸಿ, ಕೊನೆಯ ಅಕ್ಷರವನ್ನು ಛಾವಣಿಗೆ ಎಸೆದು, "ಇದೇನಾ?" ಎಂದ. ಇಡೀ ನಿಲ್ದಾಣ ತಿರುಗಿ ನೋಡಿತು. ಸಾಲು ಹೊಟ್ಟೆ ಹಿಡಿದು ನಕ್ಕಿತು. "ಇನ್ನೊಂದ್ಸಲ ಹೇಳಿ ಸಾರ್, ಇನ್ನೊಂದ್ಸಲ!" ಎಂದು ಹಿಂದಿನಿಂದ ಒಬ್ಬ ಕೂಗಿದ.

ಗಡಿಯಾರದವನ ಕಿವಿ ಕೆಂಪಾಯಿತು. ಅವನು ಕೌಂಟರಿನ ಕಟ್ಟೆಯ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ತಲೆ ಎತ್ತದೆ, ಮೆಲ್ಲಗೆ, ಊರಿನ ಹೆಸರನ್ನು ಮತ್ತೊಮ್ಮೆ ಹೇಳಿದ. ಈ ಸಲ ನಡುವಿನ ಅಕ್ಷರ ನುಂಗಿ, ಟಪ್ಪೆಂದು, ಈ ದಡದವರ ಹಾಗೆ.

ಕಿವಿರಾಯನ ಕೈ ಗುಂಡಿಯಿಂದ ಜಾರಿತು. ಈ ದನಿಯನ್ನು ಅವನು ಕೇಳಿದ್ದ. ಹೀಗೇ ಬಗ್ಗಿದ ತಲೆ, ಹೀಗೇ ಮೆಲ್ಲಗೆ. ಮದುವೆಯಾದ ಮೊದಲ ವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಹೊಸ ಹೆಂಡತಿ ಮಾತಿನ ನಡುವೆ ತನ್ನೂರಿನ ಹೆಸರು ಹೇಳಿದ್ದಳು. ಅವನ ತಾಯಿ ತುತ್ತು ಕೈಯಲ್ಲೇ ಹಿಡಿದು ನಕ್ಕಿದ್ದಳು. ತಂಗಿ "ಅತ್ತಿಗೆ, ಇನ್ನೊಂದ್ಸಲ ಹೇಳಿ" ಎಂದು ಪಕ್ಕದ ಮನೆಯವರನ್ನೂ ಕರೆದು ತಂದಿದ್ದಳು. ಅವಳು ಇನ್ನೊಂದು ಸಲ ಹೇಳಿದಳು, ಅವರು ನಕ್ಕರು. ಮತ್ತೆ ಹೇಳಿದಳು, ಮತ್ತೆ ನಕ್ಕರು. ನಾಲ್ಕನೆಯ ಸಲ ಅವಳು ತಟ್ಟೆ ನೋಡುತ್ತಾ, ಟಪ್ಪೆಂದು, ಅವರ ಹಾಗೆ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ್ದ. ಹತ್ತೊಂಬತ್ತು ವರ್ಷ ಅವನಿಗೆ ಇದು ನೆನಪಿಗೇ ಬಂದಿರಲಿಲ್ಲ.

"ಎರಡನೇದು ಹೆಂಗಸರ ಸೀಟು ಕೊಡಿ ಸರ್," ಎಂದ ಗಡಿಯಾರದವನು, ಇನ್ನೂ ತಲೆ ಎತ್ತದೆ. "ನನ್ನ ಹೆಂಡತಿಗೆ."

ಕಿವಿರಾಯ ಅವನ ಭುಜದಾಚೆ ನೋಡಿದ. ಫ್ಯಾನಿನ ಕೆಳಗಿನ ಬೆಂಚಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಅವನದೇ ಹೆಂಡತಿ. ಬುಧವಾರದ ತಿಂಡಿಯ ಹೊತ್ತು ಹೇಳಿದ್ದೆಲ್ಲ ಈಗ ಒಂದೊಂದಾಗಿ ಅವನ ತಲೆಗೆ ಬಂತು: ಗಡಿಯಾರದವರ ಹೆಂಡತಿ ಬಂದಿದ್ದಾರೆ, ನಾಳೆ ಊರಿಗೆ ಹೋಗುತ್ತಾರಂತೆ, ಅವರ ಕೈಲಿ ನಮ್ಮ ಅತ್ತಿಗೆಗೆ ಒಂದು ಸೀರೆ ಕೊಟ್ಟು ಕಳಿಸುತ್ತೇನೆ, ಬಸ್ ಹತ್ತಿಸಿ ಬರುತ್ತೇನೆ, ಸರಿ ತಾನೆ? ಹೆಂಡತಿ ಈಗ ಅವನನ್ನು ನೋಡುತ್ತಿರಲಿಲ್ಲ. ಗೋಡೆಯ ಮೇಲಿನ ಆ ಪೆಟ್ಟಿಗೆಯನ್ನು ನೋಡುತ್ತಿದ್ದಳು.

ಸಂಜೆ ಮನೆಯಲ್ಲಿ ಅವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ನೋಡು, ಅದು ಸುಮ್ನೆ ತಮಾಷೆಗೆ..."

"ಗೊತ್ತು," ಎಂದಳು ಹೆಂಡತಿ. "ಆಗಲೂ ತಮಾಷೆಗೇ."

ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಊಟ ಬಡಿಸಿದಳು, ಹಾಸಿಗೆ ಹಾಸಿದಳು. ಮೊದಲ ವಾರದ ಆ "ಆಗ" ಅವಳಿಗೆ ಒಂದು ದಿನವೂ ಮರೆತಿರಲಿಲ್ಲ ಎಂದು ಅವನಿಗೆ ತಿಳಿಯಿತು.

ಮುಂದಿನ ಒಂದು ವಾರ ಅವನು ಆ ಹೆಸರನ್ನು ಅವಳಂತೆ ಹೇಳಲು ಕಲಿಯಹೊರಟ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹೇಳಿದ, ಗಡ್ಡ ಹೆರೆಯುತ್ತಾ ಕನ್ನಡಿಗೆ ಹೇಳಿದ. ನೂರು ಬಾಯಿಗಳ ಗುರುತು ಹಿಡಿಯುವವನ ನಾಲಿಗೆ ಒಂದೇ ಒಂದು ಹೆಸರಿಗೆ ಹೊರಳಲಿಲ್ಲ. ಎಳೆದರೆ ಮೂಗು ಮುಚ್ಚುತ್ತಿತ್ತು, ಎತ್ತಿದರೆ ಆಡಿನ ಕೂಗೇ ಬರುತ್ತಿತ್ತು. ಕೌಂಟರಿನಲ್ಲಿ ಜನವಿಲ್ಲದ ಹೊತ್ತು ಪಿಸುಗುಟ್ಟುತ್ತಿದ್ದವನನ್ನು ಪಾರ್ಸೆಲ್ ಅಕ್ಕ ಕಂಡು, "ಹಲ್ಲು ನೋವೇನಪ್ಪಾ?" ಎಂದಳು. ಹೌದು ಎಂದ.

ವಾರ ಕಳೆದ ಮೇಲೆ, ಶನಿವಾರ, ಗಡಿಯಾರದವನು ಊರಿನಿಂದ ಒಬ್ಬನೇ ವಾಪಸಾದ. ಭಾನುವಾರ ಹೆಂಡತಿ ಕೆಳಗಿಳಿದಳು, ಅತ್ತಿಗೆ ಕಳಿಸಿದ ಪೊಟ್ಟಣ ತರಲು. ಕಿವಿರಾಯ ಹಳೆಯ ಚಾಳಿಯಂತೆ ಚಪ್ಪಲಿ ಕೈಯಲ್ಲಿ ಹಿಡಿದು ನಾಲ್ಕನೆಯ ಮೆಟ್ಟಿಲಿಗೆ ಬಂದು ನಿಂತ. ನಿಜ ಹೇಳಬೇಕೆಂದರೆ ಈ ಸಲ ಅವನು ಕಾವಲಿಗೆ ಬಂದದ್ದಲ್ಲ. ಆ ಹೆಸರನ್ನು ಅವಳ ಬಾಯಲ್ಲಿ ಇನ್ನೊಮ್ಮೆ ಕೇಳುವ ಆಸೆಯಿಂದ ಬಂದದ್ದು.

"ಅತ್ತಿಗೆ ಚೆನ್ನಾಗಿದ್ದಾರಾ?" ಎಂದಳು ಒಳಗೆ.

"ಚೆನ್ನಾಗಿದ್ದಾರೆ. ಬಾವಿ ಮುಚ್ಚಿದ ಜಾಗದಲ್ಲಿ ಈಗ ಪಾರ್ಕ್ ಮಾಡ್ತಾರಂತೆ," ಎಂದು ಗಡಿಯಾರದವನು ಊರಿನ ಹೆಸರು ಹೇಳಿದ. ಟಪ್ಪೆಂದು.

"ಹೌದಾ? ಅಲ್ಲೂ ಪಾರ್ಕಾ?" ಎಂದು ಅವಳೂ ಹೆಸರು ಹೇಳಿದಳು. ಟಪ್ಪೆಂದು.

ಅಂಗಡಿಯ ಗಡಿಯಾರಗಳೆಲ್ಲ ಟಿಕ್ ಟಿಕ್ ಎನ್ನುತ್ತಿದ್ದವು. ಕಿವಿರಾಯನಿಗೆ ಬೇಕಾದದ್ದು ಸಿಕ್ಕಿತ್ತು: ತನಗೆ ಸಿಗದ್ದು ಈಗ ಇವನಿಗೂ ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅವಳಿಂದ ಕಿತ್ತುಕೊಂಡದ್ದು ಈ ಕೆಲವು ತಿಂಗಳು ಅವಳಿಗೆ ವಾಪಸು ಸಿಕ್ಕಿತ್ತು, ಅದನ್ನೂ ತಾನೇ ಕಿತ್ತುಕೊಂಡೆ ಎಂದು ಅವನಿಗೆ ನಾಚಿಕೆಯಾಯಿತು. ಚಪ್ಪಲಿಯನ್ನು ಅಲ್ಲೇ ಬಿಟ್ಟು ಉಳಿದ ಮೆಟ್ಟಿಲುಗಳನ್ನು ಇಳಿದು ಅಂಗಡಿಯ ಬಾಗಿಲಲ್ಲಿ ನಿಂತ.

ಅಲ್ಲಿಂದಲೇ ಆ ಊರಿನ ಹೆಸರು ಹೇಳಿದ. ಮೂಗಿನಲ್ಲಿ ಹಿಡಿಯಲು ಹೋಗಿ ಗಂಟಲಲ್ಲಿ ಹಿಡಿಯಿತು, ಮೇಲೆತ್ತಲು ಹೋಗಿ ದನಿ ಒಡೆಯಿತು. ಗಡಿಯಾರದವನು ಮತ್ತೊಂದು ಅಪಹಾಸ್ಯ ಎಂದುಕೊಂಡು ತಲೆ ತಗ್ಗಿಸಿದ.

ಹೆಂಡತಿ ಮಾತ್ರ ಗಂಡನ ಬರಿಗಾಲನ್ನೂ ಮುಖವನ್ನೂ ನೋಡಿದಳು.

"ಯಾವೂರು?" ಎಂದಳು. "ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಅವನು ಇನ್ನೊಂದು ಸಲ ಹೇಳಿದ.

"ಇನ್ನೊಂದ್ಸಲ."

ಹೇಳಿದ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. "ನನಗೆ ಬರ್ತಿಲ್ಲ ಕಣೆ," ಎಂದ. "ನೀನು ಹೇಳು. ನಿನ್ನ ಹಾಗೆ ಹೇಳು, ನಾನು ಕಲ್ತುಕೊಳ್ತೀನಿ."

"ನನ್ನನ್ನ ಕೇಳ್ಬೇಡಿ. ಅವರನ್ನ ಕೇಳಿ. ಮೈಕಲ್ಲಿ ಹೇಳ್ಸಿದ್ದು ಅವರ ಹತ್ರ ತಾನೆ?"

ಇದಕ್ಕಿಂತ ದೊಡ್ಡ ಶಿಕ್ಷೆ ಅವಳಿಗೆ ಹೊಳೆಯಲು ಸಾಧ್ಯವಿರಲಿಲ್ಲ. ಕಿವಿರಾಯ ಗಡಿಯಾರದವನ ಕಡೆ ತಿರುಗಿದ. "ತಪ್ಪಾಯ್ತು," ಎಂದ. ಆಮೇಲೆ, "ಹೇಳ್ಕೊಡಿ," ಎಂದ.

ಗಡಿಯಾರದವನು ಭೂತಗಾಜು ತೆಗೆದಿಟ್ಟು, ಅವನ ಮುಖದಲ್ಲಿ ತಮಾಷೆ ಇದೆಯೇ ಎಂದು ಸ್ವಲ್ಪ ಹೊತ್ತು ಹುಡುಕಿದ. ಇರಲಿಲ್ಲ. ಅವನು ತನ್ನೂರಿನ ಹೆಸರನ್ನು ನಿಧಾನವಾಗಿ, ಮೂಗಿನಲ್ಲಿ ಹಿಡಿದು, ಎಳೆದು, ಮೇಲಕ್ಕೆತ್ತಿ ಹೇಳಿದ. ಅದನ್ನು ಕೇಳಿ ಹೆಂಡತಿಯ ಮುಖ ಅರಳಿದ್ದನ್ನು ಕಂಡು ಕಿವಿರಾಯನ ಹೊಟ್ಟೆ ಮೊದಲಿನಷ್ಟೇ ಉರಿಯಿತು, ಒಂದು ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಉರಿಯುವ ಹೊಟ್ಟೆಯಲ್ಲೇ ಅವನು ಬಾಯಿ ತೆರೆದು, ಗಡಿಯಾರದವನ ಹಿಂದೆ, ಆ ಹೆಸರನ್ನು ಹೇಳಿದ. ಸ್ಟೂಲಿನ ಮೇಲೆ ಕೂತ ಹೆಂಡತಿಯ ತುಟಿಗಳು ಅವನ ಜೊತೆಯಲ್ಲಿ ಸದ್ದಿಲ್ಲದೆ ಅಲ್ಲಾಡಿದವು.